5 ವರ್ಷಕ್ಕೆ 55 ಇಂಚು ನೀರು: ಅಮೆರಿಕದ ಬಯಲುಸೀಮೆ ರೈತರು ಮಾಡಿಕೊಂಡ ಒಪ್ಪಂದ

ಫೋನ್‌ನಲ್ಲಿ ಗೂಗಲ್ ಮ್ಯಾಪ್ ತೆರೆಯಿರಿ. ಸ್ಯಾಟಲೈಟ್ ನೋಟ ಹಾಕಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಕೋಲ್ಬಿ ಅಥವಾ ಹಾಕ್ಸಿ ಅಂತ ಹುಡುಕಿ. ಯಾರೋ ಹಸಿರು ಬಿಲ್ಲೆಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗೆ ವೃತ್ತಗಳು ಕಾಣುತ್ತವೆ. ದೊಡ್ಡ ವೃತ್ತ ಒಂದೊಂದೂ ಸುಮಾರು 125 ಎಕರೆ ಹೊಲ. ಅದಕ್ಕೆ ಹರಿಯುವುದು ಬೋರ್‌ವೆಲ್ ನೀರು. ಆ ನೀರು ಇಳಿಯುತ್ತಿದೆ, ನಮ್ಮ ಹಿರಿಯೂರು, ಚಳ್ಳಕೆರೆ, ಪಾವಗಡ, ಶಿರಾ ಕಡೆ ಇಳಿದ ಹಾಗೆಯೇ.

ಕಳೆದ ಆಗಸ್ಟ್‌ನಲ್ಲಿ ಆ ವೃತ್ತಗಳ ನಡುವೆಯೇ ನಾಲ್ಕು ದಿನ ಕಾರಿನಲ್ಲಿ ಹೋಗಿ ಬಂದೆವು. ನಾನು, ಹೆಂಡತಿ, ಏಳು ವರ್ಷದ ಮಗಳು, ಜೊತೆಗೆ ಅಪ್ಪ. ಡೆನ್ವರ್‌ನಲ್ಲಿರುವ ಹೆಂಡತಿಯ ಅಣ್ಣ ಕಾರು ಓಡಿಸಿದರು. ಡೆನ್ವರ್‌ನಿಂದ ಕ್ಯಾನ್ಸಸ್ ಸಿಟಿವರೆಗೆ, ಅಡ್ಡದಾರಿ ಎಲ್ಲ ಸೇರಿ ಸಾವಿರ ಕಿಲೋಮೀಟರ್ ಮೇಲಾಯಿತು. ‘ದಾರೀಲಿ ನೋಡೋಕೆ ಏನೂ ಇಲ್ಲ, ವಿಮಾನದಲ್ಲೇ ಹೋಗೋಣ’ ಅಂತ ಭಾವ ಮೊದಲೇ ಹೇಳಿದ್ದರು. ‘ಹೊಲ ಅದಾವಲ್ಲಪ್ಪ, ಅಷ್ಟು ಸಾಕು’ ಅಂದರು ಅಪ್ಪ. ಅವರು ನಲವತ್ತು ವರ್ಷ ಬೋರ್ ನಂಬಿ ಬೇಸಾಯ ಮಾಡಿದವರು. ಹನ್ನೊಂದು ಬೋರ್ ಕೊರೆಸಿ ಮೂರರಲ್ಲಿ ನೀರು ಕಂಡವರು.

ಈ ಲೇಖನದಲ್ಲಿ ಪ್ರವಾಸದ ವರ್ಣನೆ ಕಡಿಮೆ, ನೀರಿನ ಲೆಕ್ಕ ಜಾಸ್ತಿ. ಕೊನೆಯಲ್ಲಿ ನಿಮ್ಮ ಬೋರ್‌ಗೆ ನೀವೇ ಮಾಡಿಕೊಳ್ಳಬಹುದಾದ ಲೆಕ್ಕವೂ ಇದೆ.

ಚೌಕದೊಳಗೊಂದು ವೃತ್ತ

ಡೆನ್ವರ್ ಬಿಟ್ಟು ಪೂರ್ವಕ್ಕೆ ಹೊರಟರೆ ಬೆಟ್ಟಸಾಲು ಬೆನ್ನ ಹಿಂದೆ ಉಳಿಯುತ್ತದೆ. ಮುಂದೆ ಬರೀ ಬಯಲು. ಸಪಾಟಾಗಿದೆ ಅನ್ನಿಸಿದರೂ ನೆಲ ಇಳಿಜಾರಾಗಿಯೇ ಇದೆ. ಡೆನ್ವರ್ ಇರುವುದು ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿ, ಕ್ಯಾನ್ಸಸ್ ಸಿಟಿ ಇರುವುದು ಸಾವಿರ ಅಡಿಯ ಆಸುಪಾಸಿನಲ್ಲಿ.

ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಹೋದರೆ ಸ್ಟ್ರಾಸ್‌ಬರ್ಗ್ ಅನ್ನುವ ಸಣ್ಣ ಊರು. ಮ್ಯಾಪ್‌ನಲ್ಲಿ ಕಂಡ ವೃತ್ತಗಳ ಮೂಲ ಇಲ್ಲಿದೆ. ಇಲ್ಲಿ ಬೇಸಾಯ ಮಾಡುತ್ತಿದ್ದ ಫ್ರಾಂಕ್ ಜೈಬ್ಯಾಕ್ ಎಂಬ ರೈತ ಕಂಡುಹಿಡಿದ ನೀರಾವರಿ ಯಂತ್ರಕ್ಕೆ 1952ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ಸೆಂಟರ್ ಪಿವಟ್. ಹೊಲದ ನಟ್ಟನಡುವೆ ನೀರಿನ ಮೂಲ. ಅಲ್ಲಿಂದ ಸುಮಾರು 400 ಮೀಟರ್ ಉದ್ದದ ಪೈಪು ಗಾಲಿಗಳಿರುವ ಕಂಬಗಳ ಮೇಲೆ ನಿಂತಿರುತ್ತದೆ. ಗಡಿಯಾರದ ಮುಳ್ಳಿನ ಹಾಗೆ ನಿಧಾನವಾಗಿ ಸುತ್ತುತ್ತಾ ಮಳೆ ಸುರಿಸಿದಂತೆ ನೀರು ಹಾಕುತ್ತದೆ.

ಹೊಲದ ಅಳತೆಗೂ ಒಂದು ಹಿನ್ನೆಲೆ ಇದೆ. ಅಲ್ಲಿ ನೆಲವನ್ನೆಲ್ಲ ಒಂದೊಂದು ಚದರ ಮೈಲಿಯ ಚೌಕಗಳಾಗಿ ಅಳೆದಿದ್ದಾರೆ. ಒಂದು ಚೌಕ 640 ಎಕರೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ವಲಸೆ ಬಂದ ಕುಟುಂಬಕ್ಕೆ ಅದರ ಕಾಲು ಭಾಗ, ಅಂದರೆ 160 ಎಕರೆ ಕೊಡುತ್ತಿದ್ದರು. ಆ ಕಾಲು ಚೌಕದೊಳಗೆ ಪಿವಟ್ ಸುತ್ತಿದರೆ ವೃತ್ತ ಹಸಿರಾಗುತ್ತದೆ, ನಾಲ್ಕು ಮೂಲೆ ಒಣಗಿಯೇ ಉಳಿಯುತ್ತದೆ. ‘ತಾತ, ಮೂಲೆಗೆ ಯಾಕೆ ನೀರು ಬಿಟ್ಟಿಲ್ಲ?’ ಅಂತ ಮಗಳು ಕೇಳಿದಳು. ‘ಮೂವತ್ತೈದು ಎಕರೆ ಸುಮ್ನೆ ಬಿಟ್ಟವ್ರೆ ನೋಡವ್ವ’ ಅಂತ ಅಪ್ಪನೇ ಬೆರಗಾದರು.

ನೆಲದಡಿಯ ಕೆರೆ ಅಲ್ಲ, ಒದ್ದೆ ಮರಳು

ಈ ಬಯಲಿನ ಕೆಳಗಿರುವ ಜಲಪದರದ ಹೆಸರು ಓಗಲಾಲ. ಎಂಟು ರಾಜ್ಯಗಳ ಅಡಿಯಲ್ಲಿ, ಸುಮಾರು 4.5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಇಡೀ ಕರ್ನಾಟಕದ ಎರಡರಷ್ಟಕ್ಕೂ ದೊಡ್ಡದು. ಅಮೆರಿಕದಲ್ಲಿ ನೀರಾವರಿಗೆ ಎತ್ತುವ ಅಂತರ್ಜಲದಲ್ಲಿ ಸುಮಾರು ಶೇ. 30 ಇದರದ್ದೇ.

ಲಕ್ಷಾಂತರ ವರ್ಷಗಳ ಹಿಂದೆ ನದಿಗಳು ರಾಕಿ ಬೆಟ್ಟಗಳಿಂದ ಮರಳು, ಜಲ್ಲಿ ಕೊಚ್ಚಿ ತಂದು ಈ ಬಯಲಿನ ಮೇಲೆ ಹರವಿದವು. ಆ ಮರಳಿನ ಸಂದುಗಳಲ್ಲಿ ನೀರು ತುಂಬಿಕೊಂಡಿದೆ. ನಮ್ಮಲ್ಲಿ ಹಾಗಲ್ಲ. ಮಧ್ಯ ಕರ್ನಾಟಕದ್ದು ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಅದಕ್ಕೇ ನಿಮ್ಮ ಬೋರ್‌ನಲ್ಲಿ ನೀರು ಬಿದ್ದರೂ ಇಪ್ಪತ್ತು ಅಡಿ ಆಚೆಗಿನ ಪಾಯಿಂಟ್ ಫೇಲ್ ಆಗಬಹುದು.

ಈ ವ್ಯತ್ಯಾಸದಿಂದ ನಮಗೊಂದು ಅನುಕೂಲವೂ ಇದೆ. ಪಶ್ಚಿಮ ಕ್ಯಾನ್ಸಸ್‌ನಲ್ಲಿ ಮಳೆನೀರು ಜಲಪದರಕ್ಕೆ ಇಳಿಯುವುದು ಬಹಳ ಕಡೆ ವರ್ಷಕ್ಕೆ ಒಂದು ಇಂಚೂ ಇಲ್ಲ. ಈಗ ಎತ್ತುತ್ತಿರುವುದು ಸಾವಿರಾರು ವರ್ಷಗಳ ಉಳಿತಾಯ. ಕೆಲವು ಕಡೆ ಮಟ್ಟ 100 ಅಡಿಗೂ ಹೆಚ್ಚು ಕುಸಿದಿದೆ. ನಮ್ಮಲ್ಲಿ ಬಿರುಕುಗಳು ಬೇಗ ಬತ್ತುತ್ತವೆ, ಒಳ್ಳೆಯ ಮಳೆಯಾದರೆ ಬೇಗ ತುಂಬಿಕೊಳ್ಳುವುದೂ ಉಂಟು. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆ ವರ್ಷ ನಮ್ಮ ಸುತ್ತಮುತ್ತ ಸತ್ತ ಬೋರ್‌ಗಳಲ್ಲೂ ನೀರು ಬಂತು. ಕ್ಯಾನ್ಸಸ್ ರೈತನಿಗೆ ಅಂಥ ವರ್ಷ ಬರುವುದೇ ಇಲ್ಲ.

ನಮ್ಮದೇ ಬೆಳೆಗಳು, ಬೇರೆ ವೇಷದಲ್ಲಿ

ಮೊದಲ ರಾತ್ರಿ ಗುಡ್‌ಲ್ಯಾಂಡ್‌ನಲ್ಲಿ ಉಳಿದೆವು. ಊರಿನ ಗುರುತೇ 80 ಅಡಿ ಎತ್ತರದ ಚಿತ್ರಫಲಕ. ಅದರ ಮೇಲೆ ವ್ಯಾನ್ ಗೋ ಬರೆದ ಸೂರ್ಯಕಾಂತಿ ಚಿತ್ರದ ದೊಡ್ಡ ನಕಲು. ಸುತ್ತ ಹೊಲಗಳಲ್ಲಿ ನಿಜವಾದ ಸೂರ್ಯಕಾಂತಿಯೂ ಹೂ ಬಿಟ್ಟಿತ್ತು. ಸೂರ್ಯಕಾಂತಿಯ ತವರು ಉತ್ತರ ಅಮೆರಿಕವೇ. ನಮ್ಮ ಎರೆ ಹೊಲಕ್ಕೆ ಬಂದಿರುವ ಬೆಳೆಯ ಅಜ್ಜನ ಮನೆ ಅದು.

ಅಪ್ಪ ಕಾರು ನಿಲ್ಲಿಸಿ ಇಳಿದದ್ದು ಮಾತ್ರ ಜೋಳದ ಹೊಲಕ್ಕೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕ್ಯಾನ್ಸಸ್. ಆದರೆ ಗಿಡ ಸುಮಾರು ಸೊಂಟದ ಮಟ್ಟಕ್ಕಷ್ಟೇ ಬರುತ್ತದೆ. ಕಂಬೈನ್ ಯಂತ್ರದಲ್ಲಿ ಕೊಯ್ಯಲೆಂದೇ ಗಿಡ್ಡ ತಳಿ ಮಾಡಿದ್ದಾರೆ. ‘ಇದರಲ್ಲಿ ಸೊಪ್ಪೆ ಎಲ್ಲಿ ಬರ್ತೈತೆ, ದನ ಏನ್ ತಿಂತಾವೆ?’ ಅಂದರು. ದನಕ್ಕೆ ಹೋಗುವುದು ಕಾಳು. ಉಳಿದದ್ದರಲ್ಲಿ ಎಥನಾಲ್ ಮಾಡುತ್ತಾರೆ, ರಫ್ತೂ ಮಾಡುತ್ತಾರೆ. ಜೋಳದ ರೊಟ್ಟಿ ಅಲ್ಲಿ ಯಾರಿಗೂ ಗೊತ್ತಿಲ್ಲ.

ಈ ಭಾಗದ ಮಳೆ ವರ್ಷಕ್ಕೆ ಸುಮಾರು 450 ಮಿ.ಮೀ., ನಮ್ಮ ಚಳ್ಳಕೆರೆ ಕಡೆಯ ಮಳೆಗೆ ಹತ್ತಿರ. ಇಷ್ಟು ಮಳೆಗೆ ಜೋಳ, ಗೋಧಿ ಬರುತ್ತದೆ. ಮೆಕ್ಕೆಜೋಳ ಚೆನ್ನಾಗಿ ಬರಬೇಕಾದರೆ ಬೋರ್ ಬೇಕು. ಲಾಭ ಇರುವುದು ಮೆಕ್ಕೆಜೋಳದಲ್ಲಿ. ಅಡಿಕೆ ಮತ್ತು ರಾಗಿಯ ನಡುವೆ ನಮ್ಮಲ್ಲಿರುವ ಸಂಕಟವೇ ಇದು.

ನೀರಿಲ್ಲದ ಹೊಲಗಳಲ್ಲಿ ಅವರು ಮಾಡುವ ಒಂದು ಕೆಲಸ ನಾವೂ ಮಾಡಬಹುದು. ಜೂನ್ ಕೊನೆಯ ಹೊತ್ತಿಗೆ ಗೋಧಿ ಕೊಯ್ದಿದ್ದರು, ಆಗಸ್ಟ್‌ನಲ್ಲೂ ಕೂಳೆ ಹಾಗೇ ನಿಂತಿತ್ತು. ಉತ್ತಿಲ್ಲ, ಸುಟ್ಟಿಲ್ಲ. ಮುಂದಿನ ಬೆಳೆಯನ್ನು ಆ ಕೂಳೆಯೊಳಗೇ ಬಿತ್ತುತ್ತಾರೆ. ಕೂಳೆ ನಿಂತರೆ ಗಾಳಿಗೆ ಮಣ್ಣು ಹಾರುವುದಿಲ್ಲ, ಹಿಮ ಮತ್ತು ಮಳೆಯ ತೇವ ನೆಲದಲ್ಲೇ ಉಳಿಯುತ್ತದೆ. ಈ ಪಾಠ ಅವರು ಸುಲಭಕ್ಕೆ ಕಲಿತದ್ದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಬೆಲೆ ಬಂತು ಅಂತ ಹುಲ್ಲುಗಾವಲನ್ನೆಲ್ಲ ಉತ್ತರು. 1930ರ ದಶಕದಲ್ಲಿ ಬರ ಬಂದಾಗ ಹಿಡಿದಿಡಲು ಬೇರೇ ಇಲ್ಲದ ಮಣ್ಣು ಎದ್ದು ಹಾರಿತು. 1935ರ ಏಪ್ರಿಲ್ 14ರಂದು ಎದ್ದ ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಆ ತಿಂಗಳ ಕೊನೆಯಲ್ಲೇ ಮಣ್ಣು ಸಂರಕ್ಷಣೆಗೆ ದೇಶ ಮಟ್ಟದ ಕಾಯ್ದೆ ಬಂತು. ಗಾಳಿ ತಡೆಯಲು ಉತ್ತರದಿಂದ ದಕ್ಷಿಣದವರೆಗೆ 20 ಕೋಟಿಗೂ ಹೆಚ್ಚು ಮರ ನೆಟ್ಟರು. ಹಳೆಯ ಮನೆಗಳ ಪಕ್ಕ ಆ ಥರದ ಮರಸಾಲು ಈಗಲೂ ನೋಡಲು ಸಿಗುತ್ತದೆ.

ಮಣ್ಣು ನಿಂತಿತು. ಆಮೇಲೆ ಪಂಪು ಬಂತು, ಪಿವಟ್ ಬಂತು. ಬರಕ್ಕೆ ಉತ್ತರ ನೆಲದಡಿಯಲ್ಲೇ ಇದೆ ಅಂತ ಎಲ್ಲರೂ ನಂಬಿದರು.

ನೀರು ಉಳಿಸುವ ಯಂತ್ರ ನೀರು ಉಳಿಸಲಿಲ್ಲ

ಹಳೆಯ ಪಿವಟ್‌ಗಳು ಎತ್ತರದಿಂದ ನೀರು ಚಿಮ್ಮುತ್ತಿದ್ದವು. ಗಾಳಿ, ಬಿಸಿಲಿಗೆ ಬಹಳಷ್ಟು ಹಾರಿಹೋಗುತ್ತಿತ್ತು. ಈಗ ಪೈಪಿನಿಂದ ನಳಿಕೆ ಇಳಿಬಿಟ್ಟು ಬೆಳೆಯ ಹತ್ತಿರವೇ ನೀರು ಬೀಳುವಂತೆ ಮಾಡಿದ್ದಾರೆ. ಕೆಲವರು ಪಿವಟ್‌ಗೆ ಡ್ರಿಪ್ ಲೈನ್ ಕಟ್ಟಿ ನೆಲದ ಮೇಲೆ ಎಳೆಸುತ್ತಾರೆ. ಸರ್ಕಾರ ಇದಕ್ಕೆ ಸಬ್ಸಿಡಿಯನ್ನೂ ಕೊಟ್ಟಿತು.

ಅಂತರ್ಜಲ ಉಳಿಯಿತಾ? ಪಶ್ಚಿಮ ಕ್ಯಾನ್ಸಸ್‌ನ ಬೋರ್‌ಗಳ ಲೆಕ್ಕ ಹಿಡಿದು ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಹೊಸ ನಳಿಕೆ ಬಂದ ಮೇಲೆ ರೈತರು ಎತ್ತಿದ ನೀರು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಉಳಿದ ನೀರಿನಲ್ಲಿ ಹೆಚ್ಚು ನೀರು ಕೇಳುವ ಬೆಳೆ ಹಾಕಿದರು, ಹೆಚ್ಚು ಜಾಗಕ್ಕೆ ನೀರು ಕೊಟ್ಟರು.

ಡ್ರಿಪ್ ಹಾಕಿಸಿರುವ ಗೆಳೆಯರು ಇದನ್ನು ಇನ್ನೊಮ್ಮೆ ಓದಿ. ಡ್ರಿಪ್ ಬೇಡ ಅಂತ ನಾನು ಹೇಳುತ್ತಿಲ್ಲ, ನಮ್ಮ ತೋಟದಲ್ಲೂ ಡ್ರಿಪ್ಪೇ ಇದೆ. ಆದರೆ ಎರಡು ಎಕರೆಯ ನೀರಿನಲ್ಲಿ ನಾಲ್ಕು ಎಕರೆ ಅಡಿಕೆ ಮಾಡಿದರೆ ಉಳಿದದ್ದು ಏನು? ಎಷ್ಟು ಎತ್ತಬೇಕು ಅನ್ನುವ ಮಿತಿ ಇಲ್ಲದೆ ಯಾವ ಯಂತ್ರವೂ ಅಂತರ್ಜಲ ಉಳಿಸುವುದಿಲ್ಲ.

ಶೆರಿಡನ್ 6

ಎರಡನೇ ದಿನ ಹೆದ್ದಾರಿ ಬಿಟ್ಟು ಹಾಕ್ಸಿ ಕಡೆ ಹೋದೆವು. ಶೆರಿಡನ್ ಕೌಂಟಿಯ ಪುಟ್ಟ ಊರು. ಇದರ ಸುತ್ತ ಸುಮಾರು 99 ಚದರ ಮೈಲಿಯ ಒಂದು ಪ್ರದೇಶಕ್ಕೆ ಶೆರಿಡನ್ 6 ಅಂತ ಹೆಸರು. ಅಂತರ್ಜಲ ವೇಗವಾಗಿ ಕುಸಿಯುತ್ತಿದ್ದ ಜಾಗ.

ಕ್ಯಾನ್ಸಸ್‌ನಲ್ಲಿ ಬೋರ್ ನೀರಿಗೂ ಹಕ್ಕುಪತ್ರ ಇದೆ. 1945ರ ಕಾಯ್ದೆ ಪ್ರಕಾರ ಯಾರು ಮೊದಲು ಹಕ್ಕು ಪಡೆದರೋ ಅವರಿಗೆ ಆದ್ಯತೆ. ಆದರೆ ಹಕ್ಕುಪತ್ರದಲ್ಲಿ ಬರೆದಷ್ಟು ನೀರನ್ನು ಎಲ್ಲರೂ ಎತ್ತಿದರೆ ಪದರ ಬರಿದಾಗುತ್ತದೆ. 2012ರಲ್ಲಿ ರಾಜ್ಯ ಕಾನೂನು ಬದಲಿಸಿ ಒಂದು ಅವಕಾಶ ಕೊಟ್ಟಿತು: ಒಂದು ಪ್ರದೇಶದ ಜನರೇ ಸೇರಿ ಯೋಜನೆ ಮಾಡಿದರೆ, ರಾಜ್ಯದ ಮುಖ್ಯ ಎಂಜಿನಿಯರ್ ವಿಚಾರಣೆ ನಡೆಸಿ ಅದಕ್ಕೆ ಕಾನೂನಿನ ಬಲ ಕೊಡಬಹುದು. ಅದನ್ನು ಮೊದಲು ಬಳಸಿದ್ದು ಶೆರಿಡನ್ 6ರ ರೈತರು.

ಅವರು ಒಪ್ಪಿಕೊಂಡದ್ದು ಇಷ್ಟು. 2013ರಿಂದ 2017ರವರೆಗೆ, ಐದು ವರ್ಷಕ್ಕೆ ಎಕರೆಗೆ 55 ಇಂಚು ನೀರು. ಅಂದರೆ ವರ್ಷಕ್ಕೆ ಸರಾಸರಿ 11 ಇಂಚು, ಮೊದಲಿನದಕ್ಕಿಂತ ಸುಮಾರು ಶೇ. 20 ಕಡಿಮೆ. ಪ್ರತಿ ವರ್ಷ 11ರ ಕಟ್ಟುನಿಟ್ಟು ಇಲ್ಲ. ಬರದ ವರ್ಷ 14 ಇಂಚು ಕೊಟ್ಟು, ಮಳೆ ಬಂದ ವರ್ಷ 8ಕ್ಕೆ ನಿಲ್ಲಿಸಬಹುದು. ಐದು ವರ್ಷದ ಮೊತ್ತ ದಾಟಬಾರದು, ಅಷ್ಟೇ. ದಾಟಿದರೆ ಶಿಕ್ಷೆ ಇದೆ.

ಹಾಕ್ಸಿಯಲ್ಲಿ ಕಾಫಿಗೆ ನಿಂತಾಗ ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯ ರೈತರು ಕೂತಿದ್ದರು. ನಾವು ರೈತರು ಅಂತ ಗೊತ್ತಾದ ಮೇಲೆ ಅವರೇ ಮಾತಿಗೆ ಬಂದರು. ಅಪ್ಪ ಭಾವನ ಮೂಲಕ ಕೇಳಿದ್ದು ಒಂದೇ ಪ್ರಶ್ನೆ: ‘ನಾನು ನಿಲ್ಸಿದ ನೀರು ಪಕ್ಕದೋನ ಬೋರಿಗೆ ಹೋಗ್ತೈತೆ. ಹಂಗಾದ್ರೆ ನಾನ್ಯಾಕೆ ನಿಲ್ಲಿಸ್ಬೇಕು?’

ಅವರು ನಕ್ಕರು. ಅಲ್ಲೂ ವರ್ಷಗಟ್ಟಲೆ ಸಭೆ ನಡೆದದ್ದು ಈ ಪ್ರಶ್ನೆಯ ಮೇಲೆಯೇ ಅಂತೆ. ಒಬ್ಬನೇ ನಿಲ್ಲಿಸಿದರೆ ಪ್ರಯೋಜನವಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಎಲ್ಲರೂ ಒಂದೇ ದಿನ, ಒಂದೇ ಮಿತಿಗೆ ಬಂದರು. ಕದ್ದು ಎತ್ತಿದರೆ? ಪಂಪಿಗೆ ಮೀಟರ್ ಇದೆ. ವರ್ಷಕ್ಕೊಮ್ಮೆ ಲೆಕ್ಕ ಸರ್ಕಾರಕ್ಕೆ ಕೊಡಬೇಕು. ಆ ಲೆಕ್ಕ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಭಾವ ಅಲ್ಲೇ ಫೋನ್‌ನಲ್ಲಿ ತೆಗೆದು ತೋರಿಸಿದರು. ಬೋರ್‌ಗಳ ನೀರಿನ ಮಟ್ಟವೂ ಹಾಗೆಯೇ. ಪಶ್ಚಿಮ ಮತ್ತು ಮಧ್ಯ ಕ್ಯಾನ್ಸಸ್‌ನ ಸುಮಾರು 1,400 ಬೋರ್‌ಗಳನ್ನು ಪ್ರತಿ ಜನವರಿಯಲ್ಲಿ ಅಳೆದು ಪ್ರಕಟಿಸುತ್ತಾರೆ.

ಫಲ ಏನಾಯಿತು? ರೈತರು ಶೇ. 20ಕ್ಕಿಂತಲೂ ಹೆಚ್ಚು ನೀರು ಕಡಿಮೆ ಮಾಡಿದರು. ಕೆಲವರು ಮೆಕ್ಕೆಜೋಳ ಕಡಿಮೆ ಮಾಡಿ ಜೋಳ, ಗೋಧಿ ಹಾಕಿದರು. ಕೆಲವರು ಮಣ್ಣಿನ ತೇವ ಅಳೆಯುವ ಸೆನ್ಸರ್ ಹಾಕಿ, ಬೇಕಾದಾಗ ಮಾತ್ರ ನೀರು ಕೊಟ್ಟರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದವರು ಮಿತಿಯ ಒಳಗಿನ ಮತ್ತು ಹೊರಗಿನ ಹೊಲಗಳನ್ನು ಹೋಲಿಸಿದರು. ಒಳಗಿನವರ ಮೆಕ್ಕೆಜೋಳದ ಇಳುವರಿ ತುಸು ಕಡಿಮೆ, ಆದರೆ ಪಂಪಿನ ಖರ್ಚು, ಬೀಜ, ಗೊಬ್ಬರದ ಖರ್ಚು ಇಳಿದಿದ್ದರಿಂದ ಲಾಭ ಕಡಿಮೆಯಾಗಿರಲಿಲ್ಲ. ಅಂತರ್ಜಲದ ಕುಸಿತ ನಿಂತಿಲ್ಲ, ಆದರೆ ವೇಗ ಚೆನ್ನಾಗಿಯೇ ತಗ್ಗಿದೆ. ರೈತರು ಒಪ್ಪಂದವನ್ನು 2018ರಲ್ಲಿ ಮುಂದುವರಿಸಿದರು, 2023ರಲ್ಲಿ ಮತ್ತೆ ಮುಂದುವರಿಸಿದರು.

ಎಲ್ಲ ಕಡೆ ಹೀಗಾಗಲಿಲ್ಲ. ದಕ್ಷಿಣಕ್ಕಿರುವ ಪಶ್ಚಿಮ-ಮಧ್ಯ ಕ್ಯಾನ್ಸಸ್‌ನಲ್ಲಿ ಇಂಥದೇ ಪ್ರಸ್ತಾಪ 2014ರಲ್ಲಿ ಮತಕ್ಕೆ ಹೋಗಿ ಸೋತಿತು. ಆ ಭಾಗ ಮಿತಿಗೆ ಬರಲು ಇನ್ನೂ ಹಲವು ವರ್ಷ ಬೇಕಾಯಿತು.

ಹತ್ತು ಅಡಿ ಆಳದ ಬೇರು

ಮೂರನೇ ದಿನ ಹೇಸ್ ದಾಟಿ ಪೂರ್ವಕ್ಕೆ ಹೋದಂತೆ ಮಳೆ ಹೆಚ್ಚುತ್ತದೆ, ಪಿವಟ್‌ಗಳು ಮಾಯವಾಗುತ್ತವೆ. ಸಲೈನಾ ಊರಿನಲ್ಲಿ 1976ರಲ್ಲಿ ಶುರುವಾದ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಇದೆ. ವರ್ಷವರ್ಷ ಬಿತ್ತಬೇಕಿಲ್ಲದ, ಕೂಳೆಯಿಂದಲೇ ಮತ್ತೆ ಚಿಗುರುವ ಧಾನ್ಯ ತಯಾರಿಸುವುದು ಅವರ ಕೆಲಸ. ಅವರ ಕರ್ನ್‌ಜಾ ಎಂಬ ಧಾನ್ಯದ ಬೇರು ಹತ್ತು ಅಡಿವರೆಗೂ ಇಳಿಯುತ್ತದೆ. ಕಾಳು ಸಣ್ಣದು, ಇಳುವರಿ ಗೋಧಿಗಿಂತ ಬಹಳ ಕಡಿಮೆ. ನಾಳೆಯೇ ನಮಗೆ ಬರುವ ಬೆಳೆಯಲ್ಲ.

ಮ್ಯಾನ್‌ಹ್ಯಾಟನ್ ಅನ್ನುವ ಊರಿನ ಹತ್ತಿರ ಕೊಂಜಾ ಹುಲ್ಲುಗಾವಲಿನಲ್ಲಿ ಮರುದಿನ ಬೆಳಿಗ್ಗೆ ನಡೆದಾಡಿದೆವು. ಒಂದು ಕಾಲಕ್ಕೆ ಇಂಥ ಎತ್ತರದ ಹುಲ್ಲು ಕೋಟ್ಯಂತರ ಎಕರೆಯಲ್ಲಿತ್ತು. ಈಗ ಉಳಿದಿರುವುದು ಶೇ. 4ಕ್ಕಿಂತ ಕಡಿಮೆ. ಇಲ್ಲಿ ಉಳಿದದ್ದಕ್ಕೆ ಕಾರಣ, ಸುಣ್ಣಕಲ್ಲಿನ ಜೊತೆ ಬೆರೆತ ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಹಾಗಾಗಿ ದನ ಮೇಯಿಸಲು ಬಿಟ್ಟರು. ಉಳದ ಹುಲ್ಲುನೆಲ ಮಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಗೋಮಾಳ, ಗುಡ್ಡದ ತಪ್ಪಲಿನ ಹುಲ್ಲುಬನಿಯೂ ಮಾಡುವುದು ಇದೇ ಕೆಲಸ. ಕೆರೆಗೆ ನೀರು ಬರುವ ದಾರಿ ಅದು. ಅದನ್ನು ಉತ್ತು ಸೈಟು ಮಾಡುವ ಮೊದಲು ಊರವರು ಯೋಚಿಸಬೇಕು.

ನಮಗೆ ಇದು ಆಗುತ್ತದಾ?

ಅವರ ಹಾಗೆ ನೂರಾರು ಎಕರೆ ನಮಗಿಲ್ಲ. ಅವರಿಗೆ ಪಂಪಿನ ಕರೆಂಟ್ ಬಿಟ್ಟಿ ಅಲ್ಲ, ನಮಗೆ 10 ಎಚ್‌ಪಿವರೆಗೆ ಉಚಿತ. ನೀರು ಉಳಿಸಿದರೆ ಅವರಿಗೆ ಬಿಲ್ ಉಳಿಯುತ್ತದೆ, ನಮಗೆ ಹಾಗೆ ಕಣ್ಣಿಗೆ ಕಾಣುವ ಲಾಭ ಇಲ್ಲ. ನಮಗಿರುವ ಲಾಭ ಬೇರೆ: ಮುಂದಿನ ಬೋರ್ ಕೊರೆಸುವ ಲಕ್ಷಗಟ್ಟಲೆ ಸಾಲ ಉಳಿಯುತ್ತದೆ. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮ ಈ ದಾರಿಯಲ್ಲಿ ನಡೆದು ತೋರಿಸಿದೆ. ಅಲ್ಲಿ ನೀರಾವರಿಗೆ ಬೋರ್ ಕೊರೆಯುವುದನ್ನು ಊರೇ ನಿಷೇಧಿಸಿದೆ, ಪ್ರತಿ ವರ್ಷ ಮಳೆ ಅಳೆದು ಯಾವ ಬೆಳೆ ಎಷ್ಟು ಅಂತ ಗ್ರಾಮಸಭೆಯಲ್ಲಿ ತೀರ್ಮಾನಿಸುತ್ತಾರೆ. ಕರ್ನಾಟಕದಲ್ಲೂ ಅಟಲ್ ಭೂಜಲ ಯೋಜನೆಯಡಿ ಹಲವು ಗ್ರಾಮ ಪಂಚಾಯಿತಿಗಳಲ್ಲಿ ನೀರಿನ ಆಯವ್ಯಯ ಮಾಡಿದ್ದಾರೆ. ನಿಮ್ಮ ಪಂಚಾಯಿತಿಯಲ್ಲಿ ಆಗಿದೆಯೇ, ಕೇಳಿ ನೋಡಿ.

ನಿಮ್ಮ ಬೋರಿನ ಲೆಕ್ಕ ಹೀಗೆ ಮಾಡಿ

1. ಡ್ರಮ್ ಪರೀಕ್ಷೆ. ಪಂಪು ಅರ್ಧ ಗಂಟೆ ಓಡಿದ ಮೇಲೆ 200 ಲೀಟರ್ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಫೋನ್‌ನ ಸ್ಟಾಪ್‌ವಾಚ್‌ನಲ್ಲಿ ನೋಡಿ. 100 ಸೆಕೆಂಡ್ ಆದರೆ ಸೆಕೆಂಡಿಗೆ 2 ಲೀಟರ್, ಗಂಟೆಗೆ 7,200 ಲೀಟರ್.

2. ದಿನದ ಲೆಕ್ಕ. ದಿನಕ್ಕೆ 7 ಗಂಟೆ ಓಡಿಸಿದರೆ 50,400 ಲೀಟರ್. ವರ್ಷಕ್ಕೆ 250 ದಿನ ಓಡಿಸಿದರೆ 1.26 ಕೋಟಿ ಲೀಟರ್.

3. ಮಿ.ಮೀ.ಗೆ ತನ್ನಿ. ಒಂದು ಎಕರೆಗೆ 1 ಮಿ.ಮೀ. ನೀರು ಅಂದರೆ ಸುಮಾರು 4,050 ಲೀಟರ್. ಮೇಲಿನ ನೀರು 5 ಎಕರೆಗೆ ಹೋದರೆ ವರ್ಷಕ್ಕೆ ಸುಮಾರು 620 ಮಿ.ಮೀ., ಮಳೆ ಬಿಟ್ಟು. ಶೆರಿಡನ್ ರೈತರ 11 ಇಂಚು ಅಂದರೆ 280 ಮಿ.ಮೀ. ಅವರದು ಒಂದೇ ಹಂಗಾಮಿನ ಬೆಳೆ, ನಮ್ಮ ತೋಟಕ್ಕೆ ವರ್ಷವಿಡೀ ನೀರು ಬೇಕು. ಎರಡನ್ನೂ ನೇರ ಹೋಲಿಸಬೇಡಿ. ಆದರೆ ನಿಮ್ಮ ಅಂಕಿ ನಿಮಗೆ ಗೊತ್ತಿರಲಿ.

4. ಮಟ್ಟ ಅಳೆಯಿರಿ. ಪಂಪು ಇಳಿಸದ ಹಳೆಯ ಬೋರ್ ಇದ್ದರೆ ತೂಕ ಕಟ್ಟಿದ ಹಗ್ಗ ಬಿಟ್ಟು ನೀರಿನ ಮಟ್ಟ ಅಳೆಯಬಹುದು. ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ನವೆಂಬರ್‌ನಲ್ಲಿ, ಅದೇ ಬೋರ್‌ನಲ್ಲಿ. ಅಳೆದ ಮೇಲೆ ಮುಚ್ಚಳ ಭದ್ರವಾಗಿ ಹಾಕಿ. ತೆರೆದ ಬೋರ್ ಮಕ್ಕಳ ಪ್ರಾಣಕ್ಕೆ ಅಪಾಯ.

5. ಮಳೆ ಬರೆದಿಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ, ಆ ಅಂಕಿ ತೆಗೆದುಕೊಳ್ಳಿ.

6. ಅಕ್ಕಪಕ್ಕದ ಐದಾರು ಜನರ ಜೊತೆ ಕೂರಿ. ಮೊದಲ ದಿನವೇ ನೀರು ಕಡಿಮೆ ಮಾಡುವ ಮಾತು ಎತ್ತಬೇಡಿ. ಎಲ್ಲರ ಡ್ರಮ್ ಲೆಕ್ಕವನ್ನು ಒಂದೇ ವಾಟ್ಸಾಪ್ ಗುಂಪಿನಲ್ಲಿ ಹಾಕಿ. ಒಂದು ವರ್ಷದ ಅಂಕಿ ಎದುರಿಗಿದ್ದರೆ, ಈ ಬೇಸಿಗೆ ಹೊಸ ಬೋರ್ ಬೇಡ, ಮೂರನೇ ಬೆಳೆ ಬೇಡ ಅನ್ನುವ ಮಾತಿಗೆ ಆಧಾರ ಸಿಗುತ್ತದೆ.

ನಮ್ಮ ಹಳ್ಳದ ದಂಡೆಯ ಏಳು ಬೋರ್‌ಗಳ ಡ್ರಮ್ ಪರೀಕ್ಷೆ ಸೆಪ್ಟೆಂಬರ್‌ನಲ್ಲಿ ಮಾಡಿದೆವು. ಐವರು ಲೆಕ್ಕ ಕೊಟ್ಟರು. ಇಬ್ಬರು ‘ಸರ್ಕಾರಕ್ಕೆ ಗೊತ್ತಾದರೆ ಕರೆಂಟಿಗೆ ಬಿಲ್ ಹಾಕ್ತಾರೆ’ ಅಂತ ಹಿಂದೆ ಸರಿದರು. ಅವರನ್ನು ಒಪ್ಪಿಸುವ ಕೆಲಸ ಅಪ್ಪ ವಹಿಸಿಕೊಂಡಿದ್ದಾರೆ. ಮೇ ತಿಂಗಳ ಮಟ್ಟ ಅಳೆದ ಮೇಲೆ ಏಳೂ ಬೋರ್‌ಗಳ ಅಂಕಿಯನ್ನು, ಅಥವಾ ಸಿಕ್ಕಷ್ಟನ್ನು, ಇಲ್ಲೇ ಕೊಡುತ್ತೇನೆ. ಅಷ್ಟರಲ್ಲಿ ನಿಮ್ಮದೂ ಅಳೆದಿಟ್ಟಿರಿ.